ಎರಡು ಆಫರ್ ಎದುರಾದಾಗ

ವಿಡಿಯೋ ಕಾಲ್ ಪುಟಕ್ಕೆ ಸ್ಕ್ರೀನ್ ಶೇರ್ ಬಟನ್ ಸೇರಿಸಬೇಕಿತ್ತು. ಅಷ್ಟೇ ಕೆಲಸ. ಅದಕ್ಕೆ ಮೂರು ದಿನ ಹೋಯಿತು.

ವೆಬ್‌ಆರ್‌ಟಿಸಿಯಲ್ಲಿ (ಬ್ರೌಸರ್‌ಗಳ ನಡುವೆ ವಿಡಿಯೋ, ಧ್ವನಿ ಸಾಗಿಸುವ ತಂತ್ರಜ್ಞಾನ) ಹೊಸ ಟ್ರ್ಯಾಕ್, ಅಂದರೆ ಹೊಸ ವಿಡಿಯೋ ಅಥವಾ ಧ್ವನಿ, ಸೇರಿಸಿದರೆ ಎರಡು ಬ್ರೌಸರ್‌ಗಳ ಮಾತುಕತೆ ಮತ್ತೆ ಶುರುವಾಗುತ್ತದೆ. ಒಂದು ಕಡೆಯಿಂದ ಆಫರ್ (ಏನು, ಹೇಗೆ ಕಳಿಸೋಣ ಅನ್ನುವ ಪ್ರಸ್ತಾಪ), ಇನ್ನೊಂದು ಕಡೆಯಿಂದ ಆನ್ಸರ್ (ಅದಕ್ಕೆ ಉತ್ತರ). ಇಬ್ಬರೂ ಒಂದೇ ಹೊತ್ತಿಗೆ ಬಟನ್ ಒತ್ತಿದರೆ? ಎರಡೂ ಬ್ರೌಸರ್‌ಗಳು ತಮ್ಮ ಆಫರ್ ಹಿಂದಕ್ಕೆ ತೆಗೆದುಕೊಂಡು ಎದುರಿನವರಿಗೆ ಆನ್ಸರ್ ಕಳಿಸುತ್ತವೆ. ಬಂದ ಆನ್ಸರ್‌ಗೆ ಈಗ ಆಫರ್ರೇ ಇಲ್ಲ! ಕನ್ಸೋಲ್ ತುಂಬ ಕೆಂಪು ಎರರ್.

ಇದಕ್ಕೆ ‘ಪರ್ಫೆಕ್ಟ್ ನೆಗೋಶಿಯೇಷನ್’ ಅನ್ನುವ ದಾರಿ ಇದೆ. ಡಿಕ್ಕಿಯಾದರೆ ಯಾರು ಬಿಟ್ಟುಕೊಡಬೇಕು, ಯಾರು ಎದುರಿನ ಆಫರ್ ಕಿವಿಗೆ ಹಾಕಿಕೊಳ್ಳಬಾರದು ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದು. ಒಳ್ಳೆಯ ಉಪಾಯ. ಆದರೆ ಇದನ್ನು ಬ್ರೌಸರ್ ತಾನಾಗಿ ಮಾಡುವುದಿಲ್ಲ, ಪ್ರತಿಯೊಬ್ಬರೂ ಬರೆದುಕೊಳ್ಳಬೇಕು. ಯಾಕೆ ಹೀಗೆ?

ಇದರ ಮೇಲೆ ರಿಯಾಕ್ಟ್, ಪುಟ ಕಟ್ಟಲು ನಾನು ಬಳಸಿದ ಜಾವಾಸ್ಕ್ರಿಪ್ಟ್ ಲೈಬ್ರರಿ. ಅದರ ಸ್ಟ್ರಿಕ್ಟ್ ಮೋಡ್‌ನಲ್ಲಿ (ಕೋಡ್‌ನ ತಪ್ಪು ಬೇಗ ಕಾಣಿಸುವ ಸೆಟ್ಟಿಂಗ್), ಡೆವಲಪ್‌ಮೆಂಟ್ ಹೊತ್ತಿಗೆ, 18ನೇ ಆವೃತ್ತಿಯಿಂದ ಎಫೆಕ್ಟ್ (ಪುಟದ ಭಾಗ ತೆರೆಗೆ ಬಂದಾಗ ಓಡುವ ಕೋಡ್) ಎರಡು ಸಲ ಓಡುತ್ತದೆ. ನಾನು ಮೊದಲ ಸಲದ ಕನೆಕ್ಷನ್ ಕ್ಲೋಸ್ ಮಾಡುವುದನ್ನು ಮರೆತಿದ್ದೆ. ಎದುರಿನ ಬ್ರೌಸರ್‌ಗೆ ಎರಡು ಪೀರ್ ಕನೆಕ್ಷನ್, ಎರಡು ಆಫರ್! ಅದು ನನ್ನ ತಪ್ಪೇ, ಒಪ್ಪುತ್ತೇನೆ. ಆದರೆ ಐಸ್ ಕ್ಯಾಂಡಿಡೇಟ್ (ಎದುರಿನ ಬ್ರೌಸರ್ ಅನ್ನು ತಲುಪಬಹುದಾದ ನೆಟ್‌ವರ್ಕ್ ವಿಳಾಸ) ವಿಷಯ ಹಾಗಲ್ಲ. ಎದುರಿನವರ ಆಫರ್ ಸೆಟ್ ಆಗುವ ಮೊದಲೇ ಕ್ಯಾಂಡಿಡೇಟ್ ಕೊಟ್ಟರೆ ಬ್ರೌಸರ್ ಎರರ್ ಎಸೆಯುತ್ತದೆ. ಸ್ವಲ್ಪ ಕಾದು ತಾನೇ ಸೇರಿಸಿಕೊಳ್ಳಬಹುದಿತ್ತು, ಅಲ್ವಾ? ಅದಕ್ಕೂ ನಾವೇ ಸಾಲು ಕಟ್ಟಿ ಕೂರಿಸಬೇಕು.

ಕೊನೆಗೆ ಕನೆಕ್ಷನ್ ಅನ್ನು ಕಾಂಪೊನೆಂಟ್‌ನಿಂದ (ರಿಯಾಕ್ಟ್‌ನಲ್ಲಿ ಪುಟದ ಒಂದು ಭಾಗ) ಹೊರಗೆ, ಬೇರೆ ಕ್ಲಾಸ್‌ನಲ್ಲಿ ಇಟ್ಟೆ. ಬಟನ್ ಈಗ ಕೆಲಸ ಮಾಡುತ್ತಿದೆ. ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.