ಪಾತ್ರೆ ತಿಕ್ಕೋ ನಾರಿನ ಮೇಲೊಂದು ಹಾಡು

“ಪಾಪ ಕಣೇ, ನಲವತ್ತು ವರ್ಷ ಆದ್ರೂ ಇನ್ನೂ ಇನ್ನೂರು ಜನರ ಮುಂದೇನೇ ಹಾಡ್ತಾರಾ?”

ಹೋದ ತಿಂಗಳು ಇಲ್ಲೇ ಒಸಾಕಾದಲ್ಲಿ ಶೋನೆನ್ ನೈಫ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಹೋಗಿದ್ದೆ. ಬಂದ ಮೇಲೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಎರಡು ಫೋಟೋ ಹಾಕಿದೆ. ಒಂದು ಟಿಕೆಟ್ಟಿನದು, ಇನ್ನೊಂದು ನೆಲಮಾಳಿಗೆಗೆ ಇಳಿಯೋ ಮೆಟ್ಟಿಲಿನದು. ಒಳಗೆ ಫೋಟೋ ತೆಗೆಯೋ ಹಾಗಿರಲಿಲ್ಲ. ಎಷ್ಟು ಜನ ಇದ್ದರು ಅಂತ ಗೆಳತಿ ಕೇಳಿದಳು. ಇನ್ನೂರು ಇರಬಹುದು ಅಂದೆ. ಅದಕ್ಕೆ ಬಂದ ಉತ್ತರ ಮೇಲಿನದು.

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ “ಪಾಪ” ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಗುಂಪಿನಲ್ಲಿ ಜಗಳ ಯಾಕೆ ಅಂತ ನಗೋ ಇಮೋಜಿ ಹಾಕಿ ಸುಮ್ಮನಾದೆ. ಇಲ್ಲಿ ಜಾಗ ಜಾಸ್ತಿ ಇದೆ, ಜಗಳ ಆಡೋರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಬ್ಯಾಂಡ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1981ರ ಕೊನೆಯಲ್ಲಿ ಒಸಾಕಾದ ಮೂವರು ಹುಡುಗಿಯರು ಸೇರಿ ಕಟ್ಟಿದ್ದು ಇದು. ನಾವೊಕೊ ಯಮಾನೊ ಗಿಟಾರ್, ತಂಗಿ ಅತ್ಸುಕೊ ಡ್ರಮ್ಸ್, ಗೆಳತಿ ಮಿಚಿಯೆ ನಕತಾನಿ ಬಾಸ್ ಗಿಟಾರ್. ಬ್ಯಾಂಡಿನ ಹೆಸರಿನ ಅರ್ಥ “ಹುಡುಗರ ಚಾಕು”. ಜಪಾನಿನಲ್ಲಿ ಆ ಹೆಸರಿನ ಒಂದು ಮಡಚೋ ಚಾಕು ಸಿಗುತ್ತಿತ್ತಂತೆ, ಅದರಿಂದ ತೆಗೆದುಕೊಂಡದ್ದು. 1982ರ ಮಾರ್ಚ್‌ನಲ್ಲಿ ಮೊದಲ ಕಾರ್ಯಕ್ರಮ. ಕೇಳೋಕೆ ಬಂದವರು 36 ಜನ. ಅಂದಿನಿಂದ ಬಾಸ್, ಡ್ರಮ್ಸ್ ಕೈಬದಲಾಗುತ್ತಾ ಬಂದಿವೆ. ಮಿಚಿಯೆ 1999ರಲ್ಲಿ ಬಿಟ್ಟರು. ಅತ್ಸುಕೊ ಮದುವೆಯಾಗಿ ಅಮೆರಿಕಕ್ಕೆ ಹೋದರು, ಕೆಲವು ವರ್ಷ ಕಳೆದ ಮೇಲೆ ವಾಪಸ್ ಬಂದು ಬಾಸ್ ಹಿಡಿದರು. ಈಗ ಡ್ರಮ್ಸ್‌ನಲ್ಲಿ ರಿಸಾ ಕವಾನೊ. ಅವರು 2015ರಲ್ಲಿ ಸೇರಿದವರು. ಒಂದು ದಿನವೂ ಜಾಗ ಬಿಟ್ಟು ಕದಲದವರು ನಾವೊಕೊ ಒಬ್ಬರೇ. ಅಕ್ಕ ತಂಗಿ ಇಬ್ಬರಿಗೂ ಅರವತ್ತು ದಾಟಿದೆ.

ನನಗೆ ಇವರು ಸಿಕ್ಕಿದ್ದು ಬೆಂಗಳೂರಿನ ಹಾಸ್ಟೆಲ್‌ನಲ್ಲಿ, 2009ರಲ್ಲಿ. ಸೀನಿಯರ್ ಒಬ್ಬರ ಹಾರ್ಡ್ ಡಿಸ್ಕ್‌ನಲ್ಲಿ ನಿರ್ವಾನ ಅಂತ ಒಂದು ಫೋಲ್ಡರ್ ಇತ್ತು, ಅಮೆರಿಕದ ರಾಕ್ ಬ್ಯಾಂಡಿನದು. ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳುತ್ತಿದ್ದರು, ನಾನೂ ಕೇಳಿದೆ. ಶಿವಮೊಗ್ಗದಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದವಳು ನಾನು. ಅವರು ಏನು ಕಿರುಚುತ್ತಿದ್ದಾರೆ ಅಂತ ಒಂದು ಸಾಲೂ ತಿಳಿಯುತ್ತಿರಲಿಲ್ಲ. ತಿಳಿದವರ ಹಾಗೆ ತಲೆ ಆಡಿಸುತ್ತಿದ್ದೆ. ಆಮೇಲೆ ಎಲ್ಲೋ ಓದಿದೆ, 1991ರ ಕೊನೆಯಲ್ಲಿ ನಿರ್ವಾನ ಬ್ರಿಟನ್ ಪ್ರವಾಸ ಮಾಡಿದಾಗ ಅವರಿಗಿಂತ ಮೊದಲು ವೇದಿಕೆ ಹತ್ತುತ್ತಿದ್ದದ್ದು ಜಪಾನಿನ ಮೂವರು ಹೆಂಗಸರು ಅಂತ. ನಿರ್ವಾನದ ಹಾಡುಗಾರ ಕರ್ಟ್ ಕೊಬೇನ್ ಇವರ ಭಾರಿ ಅಭಿಮಾನಿ. ಇವರನ್ನು ಮೊದಲ ಸಲ ಎದುರಿಗೆ ನೋಡಿದಾಗ, ಬೀಟಲ್ಸ್ ನೋಡಿ ಕಿರುಚಾಡೋ ಒಂಬತ್ತು ವರ್ಷದ ಹುಡುಗಿ ಥರ ಆಗಿಬಿಟ್ಟೆ ಅಂತ ಹೇಳಿಕೊಂಡಿದ್ದರು. ಇನ್ನೊಂದು ಕಡೆ ನಾವೊಕೊಗೆ ನಿರ್ವಾನ ಯಾರು ಅಂತಲೇ ಗೊತ್ತಿರಲಿಲ್ಲ. ಕ್ಯಾಸೆಟ್ ಅಂಗಡಿಗೆ ಹೋಗಿ ಅವರ ಫೋಟೋ ನೋಡಿದರೆ ಭಯ ಆಯಿತಂತೆ.

ಆ ಕತೆ ಓದಿ ಯೂಟ್ಯೂಬ್‌ನಲ್ಲಿ ಹುಡುಕಿದೆ. ಕೇಳಿದರೆ ಇಂಗ್ಲಿಷ್ ಅರ್ಥವಾಗುತ್ತಿದೆ! ಬಾಳೆಕಾಯಿ ಚಿಪ್ಸ್ ತಿನ್ನೋಣ ಅಂತ ಒಂದು ಹಾಡು. ರಾಕೆಟ್ ಹತ್ತಿ ಹೋಗೋದರ ಮೇಲೆ ಒಂದು. ಜೆಲ್ಲಿ, ಐಸ್‌ಕ್ರೀಂ, ಸುಶಿ ಅಂಗಡಿ, ಸೈಕಲ್. ಪಾತ್ರೆ ತಿಕ್ಕೋ ನಾರಿನ ಮೇಲೂ ಒಂದು ಹಾಡು. ತತ್ವಪದದ ಹಾಗೆ ಒಳಗೆ ಬೇರೆ ಅರ್ಥ ಇದೆಯಾ ಅಂತ ಹುಡುಕಬೇಡಿ. ನಾರು ಅಂದರೆ ನಾರೇ. ಜಪಾನಿನಲ್ಲಿ ಕಾಮೆನೊಕೊ ಅಂತ ಆಮೆ ಗುರುತಿನ ನಾರಿನ ಉಜ್ಜುಗ 1907ರಿಂದ ಸಿಗುತ್ತದೆ. ಹಾಡಿರೋದು ಅದರ ಮೇಲೇ.

ಒಂದು ಜಗಳ ಇಲ್ಲೇ ಮುಗಿಸುತ್ತೇನೆ. ತೊಂಬತ್ತರ ದಶಕದಲ್ಲಿ ಪಶ್ಚಿಮದ ಪತ್ರಿಕೆಗಳು ಇವರ ಬಗ್ಗೆ ಬರೆದದ್ದು ಓದಿದರೆ “ಮುದ್ದು” ಅನ್ನೋದು ಬಿಟ್ಟು ಬೇರೆ ಮಾತೇ ಸಿಗದವರ ಹಾಗಿದೆ. ಗಂಡಸು ಕಾರಿನ ಮೇಲೆ ಹಾಡು ಕಟ್ಟಿದರೆ ರಾಕ್. ಹೆಂಗಸು ಪಾತ್ರೆ ನಾರಿನ ಮೇಲೆ ಕಟ್ಟಿದರೆ ಮುದ್ದು. ಆ ಹಾಡಿನ ಕೆಳಗೆ ಓಡುತ್ತಿರೋ ಗಿಟಾರ್ ಕೇಳಿಸಿಕೊಂಡವರು ಹಾಗೆ ಬರೆಯೋಕೆ ಸಾಧ್ಯವೇ ಇಲ್ಲ. ಅದು ನೇರ ಅಮೆರಿಕದ ಪಂಕ್ ರಾಕ್ ಬ್ಯಾಂಡ್ ರಮೋನ್ಸ್ ಮನೆಯಿಂದ ಬಂದದ್ದು. ರಮೋನ್ಸ್ ಹಾಡುಗಳನ್ನೇ ನುಡಿಸಿ 2011ರಲ್ಲಿ ಒಂದು ಇಡೀ ಆಲ್ಬಂ ಮಾಡಿದ್ದಾರೆ, ತಮ್ಮ ಮೂವತ್ತನೇ ವರ್ಷಕ್ಕೆ.

ಈಗ ಆ ಸಂಜೆಗೆ ಬರೋಣ.

ಬ್ಯಾಂಡ್‌ಗಳು ನುಡಿಸೋ ಇಂಥ ಸಣ್ಣ ಜಾಗಕ್ಕೆ ಜಪಾನಿನಲ್ಲಿ ಲೈವ್‌ಹೌಸ್ ಅನ್ನುತ್ತಾರೆ. ಒಸಾಕಾದ ಶಿನ್ಸಾಯ್‌ಬಾಶಿ, ಅಮೆರಿಕಾಮುರಾ ಸುತ್ತ ಹಳೇ ಬಟ್ಟೆ ಅಂಗಡಿ, ತಾಕೊಯಾಕಿ (ಆಕ್ಟೋಪಸ್ ಹಾಕಿ ಮಾಡೋ ಉಂಡೆ ತಿಂಡಿ) ಅಂಗಡಿಗಳ ನಡುವೆ ಇವು ತುಂಬಾ ಇವೆ. ಬಹಳಷ್ಟು ಕಡೆ ಬಾಗಿಲು ಕಾಣುವುದೇ ಇಲ್ಲ, ಕೆಳಗಿಳಿಯೋ ಒಂದು ಮೆಟ್ಟಿಲು ಅಷ್ಟೇ. ಗೋಡೆ ತುಂಬಾ ಸ್ಟಿಕರ್. ಟಿಕೆಟ್ ಮೇಲೆ ಒಂದು ಕ್ರಮಸಂಖ್ಯೆ ಇರುತ್ತದೆ. ಬಾಗಿಲು ತೆಗೆಯೋ ಹೊತ್ತಿಗೆ ಒಬ್ಬ ಹುಡುಗ ಹೊರಗೆ ನಿಂತು ಒಂದೊಂದೇ ಸಂಖ್ಯೆ ಕೂಗುತ್ತಾನೆ. ಕೂಗಿದವರು ಮುಂದೆ ಬರಬೇಕು. ನುಗ್ಗೋದಿಲ್ಲ, “ಸ್ವಲ್ಪ ಜರುಗಿ” ಅನ್ನೋದಿಲ್ಲ. ನನ್ನದು 41. ಜಪಾನೀಸ್ ಅಂಕಿ ನನಗೆ ಆಫೀಸಿನಲ್ಲಿ ಚೆನ್ನಾಗಿ ಬರುತ್ತದೆ, ಬೀದಿಯಲ್ಲಿ ಕೈಕೊಡುತ್ತದೆ. 38ರಿಂದಲೇ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದೆ.

ಟಿಕೆಟ್ ಅಲ್ಲದೆ ಒಳಗೆ ಹೋಗುವಾಗ ಇನ್ನೂ 600 ಯೆನ್ ಕೊಡಬೇಕು, ಒಂದು ಪಾನೀಯಕ್ಕೆ. ನಿಮಗೆ ಬಾಯಾರಿಕೆ ಇರಲಿ ಬಿಡಲಿ ಕೊಡಲೇಬೇಕು. ಮೊದಲ ಸಲ ನನಗೆ ಇದು ಸುಲಿಗೆ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಇಂಥ ಎಷ್ಟೋ ಜಾಗಗಳು ಸರ್ಕಾರದ ಲೆಕ್ಕದಲ್ಲಿ ತಿನ್ನೋ ಕುಡಿಯೋ ಅಂಗಡಿಗಳಂತೆ. ಸಭಾಂಗಣ ಅಂತ ಲೈಸೆನ್ಸ್ ತೆಗೆಯೋದು ಕಷ್ಟ. ಹಾಗಾಗಿ ಕಾಗದದ ಮೇಲೆ ಅವರು ಮಾರೋದು ಪಾನೀಯ, ಪಕ್ಕದಲ್ಲಿ ಸುಮ್ನೆ ಹಾಡೂ ನಡೆಯುತ್ತಿರುತ್ತದೆ! ಬೆಂಗಳೂರಿನಲ್ಲಿ ಹೋಟೆಲಲ್ಲಿ ಗಿಟಾರ್ ನುಡಿಸೋಕೆ ಲೈಸೆನ್ಸ್ ಗಲಾಟೆ ಆಗುತ್ತಿದ್ದದ್ದು ನೆನಪಾಗಿ ನಗು ಬಂತು. ಎಲ್ಲಾ ಊರಲ್ಲೂ ಹಾಡಿಗೆ ಒಂದು ಸುಳ್ಳು ಹೆಸರು ಬೇಕು.

ಒಳಗೆ ಹೋಗಿ ಎರಡನೇ ಸಾಲಿನಲ್ಲಿ ನಿಂತೆ. ವೇದಿಕೆ ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ. ನಾನು ಐದಡಿ ಒಂದಿಂಚು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಾಲಿಕಾ ಬ್ಯಾಂಡ್ ಬಂದಾಗ ನಾನೂ ಹೋಗಿದ್ದೆ. ಸಾವಿರಾರು ಜನ. ಅವತ್ತು ನಾನು ನೋಡಿದ್ದು ಮುಂದೆ ನಿಂತವನ ಬೆನ್ನು, ಆಗೊಮ್ಮೆ ಈಗೊಮ್ಮೆ ದೊಡ್ಡ ಪರದೆ. ಪರದೆ ನೋಡೋಕೆ ಅಷ್ಟು ದೂರ ಯಾಕೆ ಹೋದೆ ಅಂತ ಈಗಲೂ ಯೋಚಿಸುತ್ತೇನೆ. ಹೋಗಿದ್ದೆ ಅಂತ ಹೇಳಿಕೊಳ್ಳೋಕೆ ಚೆನ್ನಾಗಿದೆ, ಅಷ್ಟೇ.

ಇಲ್ಲಿ ಗಿಟಾರ್ ಸದ್ದು ಬದಲಿಸೋಕೆ ಕಾಲಲ್ಲಿ ಒತ್ತೋ ಪೆಡಲ್ ಕಾಣುತ್ತಿತ್ತು. ನೆಲಕ್ಕೆ ಅಂಟಿಸಿದ ಹಾಡಿನ ಪಟ್ಟಿ ಕಾಣುತ್ತಿತ್ತು. ಓದೋಕೆ ಹೋಗಲಿಲ್ಲ, ಸಿನಿಮಾದ ಕೊನೆ ಮೊದಲೇ ತಿಳಿದುಕೊಂಡ ಹಾಗಾಗುತ್ತದೆ. ದೀಪ ಆರಿತು. ಮೂವರೂ ಬಂದರು, ಒಂದೇ ಥರದ ಬಟ್ಟೆ. ಇವರ ವೇದಿಕೆ ಬಟ್ಟೆಗಳನ್ನು ಅತ್ಸುಕೊ ಅವರೇ ಹೊಲಿಯೋದು. ಅಷ್ಟು ಹತ್ತಿರ ನಿಂತರೆ ಹೊಲಿಗೆಯೂ ಕಾಣುತ್ತದೆ. ನಮ್ಮಮ್ಮ ಹೊಲಿಗೆ ಮಿಷಿನ್ ಮುಂದೆ ಕೂತವರು, ನನಗೆ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಅಂಚು ಬಹಳ ಅಚ್ಚುಕಟ್ಟು.

ಮೊದಲ ಹಾಡಿನ ಮೊದಲ ಏಟಿಗೇ ಎದೆ ಗುದ್ದಿತು. ಇದನ್ನು ಹೇಗೆ ಹೇಳೋದು? ನಮ್ಮ ಬೀದಿಯ ಗಣಪತಿ ಪೆಂಡಾಲಿಗೆ ವರ್ಷಕ್ಕೊಂದು ಸಲ ಆರ್ಕೆಸ್ಟ್ರಾ ಬರುತ್ತಿತ್ತು. ಹಲಗೆ ಹಾಸಿದ ಸ್ಟೇಜ್, ಸೀರಿಯಲ್ ಸೆಟ್. ನಾನು ಹಠ ಹಿಡಿದು ಡ್ರಮ್ಸ್ ಪಕ್ಕದಲ್ಲಿ, ಸ್ಪೀಕರ್ ಬಾಕ್ಸಿಗೆ ಒರಗಿ ಕೂರುತ್ತಿದ್ದೆ. ಹಾಡು ಕಿವಿಯಿಂದ ಒಳಗೆ ಬರುತ್ತಿರಲಿಲ್ಲ, ಬೆನ್ನಿನಿಂದ ಬರುತ್ತಿತ್ತು. ಒಂದು ಸಲ ಡ್ರಮ್ಸ್ ಬಾರಿಸೋ ಅಣ್ಣನ ಹತ್ತಿರ ಕೋಲು ಒಂದ್ಸಲ ಕೊಡಿ ಅಂತ ಕೇಳಿದ್ದೆ. “ಹೆಣ್ಮಕ್ಕಳಿಗೆ ಯಾಕಮ್ಮ ಇದೆಲ್ಲ, ಹಾಡು ಹೇಳು ಬೇಕಾದ್ರೆ” ಅಂದಿದ್ದ. ಪಾಪ, ಅವನಿಗೆ ಹಾಗೇ ಗೊತ್ತಿದ್ದದ್ದು. (ನೋಡಿ, ಆ ಮಾತು ನನ್ನ ಬಾಯಲ್ಲೂ ಬಂತು.)

ರಿಸಾ ಡ್ರಮ್ಸ್ ಬಾರಿಸೋದನ್ನು ಆ ಅಣ್ಣ ನೋಡಬೇಕಿತ್ತು. ನಗುನಗುತ್ತಲೇ ಹೊಡೆಯುತ್ತಾರೆ. ಒಂದು ಏಟೂ ನಗುವಷ್ಟು ಮೆತ್ತಗಿಲ್ಲ. ಸಣ್ಣ ಜಾಗದಲ್ಲಿ ಡ್ರಮ್ಸ್ ಮೈಕಿಂದ ಬರೋದಕ್ಕಿಂತ ಮೊದಲೇ ನೇರವಾಗಿ ಚರ್ಮದಿಂದ ಬರುತ್ತದೆ. ನಾವೊಕೊ ತಂತಿ ಮೇಲೆ ಕೈ ಆಡಿಸಿದಾಗ ಆಂಪ್ಲಿಫೈಯರ್ ಸದ್ದಿನ ಅಡಿಯಲ್ಲಿ ಬರೀ ಲೋಹದ ಸಣ್ಣ ಸದ್ದೂ ಇದೆ. ದನಿ ಅಲ್ಲಲ್ಲಿ ಸ್ವಲ್ಪ ಶ್ರುತಿ ತಪ್ಪುತ್ತದೆ. ಮೊದಲಿಂದಲೂ ಹಾಗೇ. ಆಲ್ಬಂನಲ್ಲಿ ಅದು ಆಟದ ಥರ ಕೇಳುತ್ತದೆ. ಎದುರಿಗೆ ನಿಂತಾಗ, ಅಡುಗೆಮನೆಯಲ್ಲಿ ಯಾರೋ ತಮ್ಮ ಪಾಡಿಗೆ ಹಾಡಿಕೊಳ್ಳುತ್ತಿದ್ದಾರೆ, ಅವರ ಕೈಯಲ್ಲಿ ಮಾತ್ರ ಸೌಟಿನ ಬದಲು ಭಯಂಕರ ಗಿಟಾರ್ ಇದೆ ಅನ್ನಿಸಿತು.

ಜಪಾನಿನ ಕೇಳುಗರ ಬಗ್ಗೆ ಒಂದು ಮಾತು. ಹಾಡು ಮುಗಿದರೆ ಜೋರು ಚಪ್ಪಾಳೆ. ಆಮೇಲೆ ಥಟ್ ಅಂತ ಮೌನ. ಸೂಜಿ ಬಿದ್ದರೂ ಕೇಳಬೇಕು, ಅಷ್ಟು. ನನಗೆ ಮೊದಮೊದಲು ಯಾರಿಗೂ ಇಷ್ಟವಾಗಲಿಲ್ಲವೇನೋ ಅಂತ ಗಾಬರಿಯಾಗುತ್ತಿತ್ತು. ಹಾಗಲ್ಲ, ಅವರು ಏನು ಹೇಳುತ್ತಾರೋ ಅಂತ ಕಾಯುತ್ತಾರೆ. ಒಸಾಕಾದವರು ಅಷ್ಟಾದರೂ ಬಾಯಿಬಿಡುತ್ತಾರೆ, ವೇದಿಕೆಯಿಂದ ತಮಾಷೆ ಬಂದರೆ ಕೆಳಗಿಂದ ಉತ್ತರ ಹೋಗುತ್ತದೆ. ನಡುನಡುವೆ ನಾವೊಕೊ ಊಟತಿಂಡಿಯ ಬಗ್ಗೆ ಏನೋ ಹೇಳಿದರು. ಒಸಾಕಾ ಆಡುಮಾತು ನನಗೆ ಅರ್ಧ ತಿಳಿಯಿತು, ಎಲ್ಲರ ಜೊತೆ ಪೂರ್ತಿ ನಕ್ಕೆ.

ಈ ನಗುವಿಗೂ ಒಂದು ಕತೆ ಇದೆ. 2020ರ ಫೆಬ್ರವರಿಯಲ್ಲಿ ಒಸಾಕಾದ ಕೆಲವು ಲೈವ್‌ಹೌಸ್‌ಗಳಲ್ಲಿ ಕೋವಿಡ್ ಹರಡಿತು. ಇಡೀ ದೇಶದ ಟೀವಿಯಲ್ಲಿ ಅದೇ ಸುದ್ದಿ. ಲೈವ್‌ಹೌಸ್‌ಗೆ ಹೋಗ್ತೀನಿ ಅಂದರೆ ಆಫೀಸಿನಲ್ಲಿ ಜನ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳೋ ಕಾಲ ಅದು. ತೆರೆದ ಮೇಲೂ ಎರಡು ವರ್ಷಕ್ಕಿಂತ ಜಾಸ್ತಿ ಕಾಲ ದನಿ ತೆಗೆಯೋ ಹಾಗಿರಲಿಲ್ಲ. ಮಾಸ್ಕ್ ಹಾಕಿಕೊಂಡು, ನೆಲದ ಮೇಲೆ ಗುರುತು ಹಾಕಿದ ಚೌಕದಲ್ಲಿ ನಿಂತು ಬರೀ ಚಪ್ಪಾಳೆ. ಆ ಕಾಲದಲ್ಲಿ ಮುಚ್ಚಿದ ಕೆಲವು ಜಾಗಗಳು ಮತ್ತೆ ತೆರೆಯಲೇ ಇಲ್ಲ. ಹಾಗಾಗಿ ಬಾಳೆಕಾಯಿ ಚಿಪ್ಸ್ ಹಾಡಿಗೆ ಇನ್ನೂರು ಜನ ಒಟ್ಟಿಗೆ ಕೂಗಿದಾಗ ನನ್ನ ಪಕ್ಕ ನಿಂತಿದ್ದ ಐವತ್ತೈದು ಅರವತ್ತರ ಯಜಮಾನರು ಕಣ್ಣೊರೆಸಿಕೊಂಡರು. ಆಫೀಸಿಂದ ನೇರ ಬಂದಿದ್ದರು, ಟೈ ಮಡಚಿ ಜೇಬಿಗೆ ಹಾಕಿಕೊಂಡಿದ್ದರು. ಬಾಳೆಕಾಯಿ ಚಿಪ್ಸಿಗೆ ಅಳೋರನ್ನು ನೀವು ಇನ್ನೆಲ್ಲಿ ನೋಡುತ್ತೀರಿ?

ಸಣ್ಣ ಜಾಗ ಅಂದರೆ ಎಲ್ಲಾ ಚೆಂದ ಅಂತ ನಾನು ಹೇಳುತ್ತಿಲ್ಲ. ಜಪಾನಿನಲ್ಲಿ ನೊರುಮಾ ಅಂತ ಒಂದು ಪದ್ಧತಿ ಇದೆ. ಹೊಸ ಬ್ಯಾಂಡ್ ನುಡಿಸಬೇಕಾದರೆ ಇಂತಿಷ್ಟು ಟಿಕೆಟ್ ತಾನೇ ಮಾರಬೇಕು. ಮಾರದೆ ಉಳಿದದ್ದಕ್ಕೆ ಕೈಯಿಂದ ದುಡ್ಡು ಕಟ್ಟಬೇಕು. ನನ್ನ ಸಹೋದ್ಯೋಗಿ ಹುಡುಗಿಯೊಬ್ಬಳು ಬಾಸ್ ನುಡಿಸುತ್ತಾಳೆ. ತಿಂಗಳ ಕೊನೆಯಲ್ಲಿ ಆಫೀಸಿನವರಿಗೆ ಟಿಕೆಟ್ ಹಂಚುತ್ತಾ ಬರುವಾಗ ಅವಳ ಮುಖ ನೋಡೋಕಾಗಲ್ಲ. ಹಾಡೋಕೆ ಹಾಡುವವರೇ ದುಡ್ಡು ಕೊಡೋದು ಅನ್ಯಾಯ. ಜಾಗದವರಿಗೂ ಬಾಡಿಗೆ, ಕರೆಂಟು ಇದೆ ಅಂತ ಗೊತ್ತು. ಗೊತ್ತಿದ್ದೂ ಅನ್ಯಾಯ ಅಂತಲೇ ಹೇಳುತ್ತೇನೆ. “ಪಾಪ” ಅನ್ನಲೇಬೇಕು ಅಂತಿದ್ದರೆ ಅವಳಿಗೆ ಅನ್ನಿ, ಜೊತೆಗೆ ಒಂದು ಟಿಕೆಟ್ ತಗೊಳ್ಳಿ.

ಶೋನೆನ್ ನೈಫ್ ವಿಷಯ ಬೇರೆ. ಅವರು ದೊಡ್ಡ ಜನರಾಶಿ ಕಾಣದವರಲ್ಲ. 1992ರ ಹೊತ್ತಿಗೆ ದೊಡ್ಡ ಕಂಪನಿಯಿಂದ ಆಲ್ಬಂ ಬಂತು. 1994ರಲ್ಲಿ ಅಮೆರಿಕದ ಲೊಲ್ಲಾಪಲೂಜಾ ಸಂಗೀತ ಉತ್ಸವದಲ್ಲಿ ನುಡಿಸಿದರು. ಆ ಅಲೆ ಇಳಿಯಿತು. ಇವರು ವ್ಯಾನ್ ಹತ್ತಿ ಸಣ್ಣ ಸಣ್ಣ ಊರುಗಳಿಗೆ ಹೋಗುತ್ತಲೇ ಇದ್ದರು. 2005ರಲ್ಲಿ ಇವರ ಡ್ರಮ್ಸ್ ಹಿಡಿದಿದ್ದ ಮಾನಾ ನಿಶಿಉರಾ, ಇನ್ನೊಂದು ಬ್ಯಾಂಡಿನ ಜೊತೆ ಅಮೆರಿಕ ಪ್ರವಾಸದಲ್ಲಿದ್ದಾಗ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಆಮೇಲೂ ನಿಲ್ಲಲಿಲ್ಲ. ಇವರ ಹಿಂದೆ ಬಂದು ಹಾಡುತ್ತಿದ್ದ ನಿರ್ವಾನ 1992ರ ಜನವರಿಯಲ್ಲಿ ಅಮೆರಿಕದ ಆಲ್ಬಂ ಪಟ್ಟಿಯ ತುದಿ ಮುಟ್ಟಿತು, 1994ರಲ್ಲಿ ಕರ್ಟ್ ಸಾವಿನೊಂದಿಗೆ ಮುಗಿಯಿತು. ಸಾವಿನಿಂದ ಪಾಠ ತೆಗೆಯೋದು ನನಗೆ ಆಗಿಬರಲ್ಲ, ತೆಗೆಯೋದಿಲ್ಲ. ಆದರೆ ದೊಡ್ಡದಾಗೋದು ಒಂದೇ ದಾರಿ, ಉಳಿದದ್ದೆಲ್ಲ ಸೋಲು ಅಂತ ನನ್ನ ಮುಂದೆ ಹೇಳಬೇಡಿ. ಅರವತ್ತು ದಾಟಿದ ಅಕ್ಕ ತಂಗಿ, ತಾವೇ ಹೊಲಿದ ಬಟ್ಟೆ ಹಾಕಿಕೊಂಡು, ತಮ್ಮದೇ ಊರಿನಲ್ಲಿ, ತಮಗೆ ಇಷ್ಟವಾದ ತಿಂಡಿಯ ಮೇಲೆ ಹಾಡುತ್ತಾರೆ. ಇನ್ನೂರು ಜನಕ್ಕೆ ಒಂದೊಂದು ಸಾಲೂ ಬಾಯಿಪಾಠ. 36 ಎಲ್ಲಿ, 200 ಎಲ್ಲಿ!

ಮುಗಿದ ಮೇಲೆ ಬಾಗಿಲ ಹತ್ತಿರ ಟೀಶರ್ಟ್ ಮಾರೋ ಮೇಜಿನ ಹಿಂದೆ ಮೂವರೂ ಬಂದು ನಿಂತರು. ಹದಿನೈದು ವರ್ಷ ತಲೆಯಲ್ಲಿ ಇಟ್ಟುಕೊಂಡಿದ್ದ ಮಾತು ಜಪಾನೀಸ್‌ನಲ್ಲಿ ತಯಾರಿತ್ತು. ಹಾಸ್ಟೆಲ್, ಹಾರ್ಡ್ ಡಿಸ್ಕ್, ಅರ್ಥವಾದ ಮೊದಲ ಇಂಗ್ಲಿಷ್ ಹಾಡು, ಎಲ್ಲಾ. ನನ್ನ ಸರದಿ ಬಂದಾಗ ಬಾಯಿಂದ ಬಂದದ್ದು “ಅರಿಗಾತೊ” (ಥ್ಯಾಂಕ್ಸ್), ಮತ್ತೆ “ಅರಿಗಾತೊ”, ಆಮೇಲೆ “ಎಂ ಸೈಜ್”. ಸಹಿ ಹಾಕಿಕೊಟ್ಟರು. ನಾನು ನಮ್ಮೂರಿನ ಹಾಗೆ ಕೈ ಮುಗಿದುಬಿಟ್ಟೆ. ಅವರೂ ಮುಗಿದರು.

ಮಾರನೇ ದಿನ ಶನಿವಾರ. ಸಾಮಾನಿನ ಅಂಗಡಿಗೆ ಹೋಗಿ ಆ ಆಮೆ ಗುರುತಿನ ಉಜ್ಜುಗ ಹುಡುಕಿ ತಂದೆ. ಕಂದು ಬಣ್ಣ, ಕೈಯಲ್ಲಿ ಹಿಡಿಯೋ ಅಷ್ಟಿದೆ, ಮೇಲೆ ಹಳೇ ಕಾಲದ ಆಮೆ ಚಿತ್ರ. ಸಂಜೆ ವೀಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಹಾಡಿನ ಕತೆ, ಬ್ಯಾಂಡಿನ ಕತೆ ಎಲ್ಲಾ ಹೇಳಿದೆ. ಅಮ್ಮ ಕನ್ನಡಕ ಹಾಕಿಕೊಂಡು ಫೋನ್ ಹತ್ತಿರ ತಂದು ನೋಡಿದರು.

“ಅಷ್ಟು ದೂರ ಹೋಗಿ ತೆಂಗಿನ ನಾರಿಗೆ ದುಡ್ಡು ಕೊಟ್ಯಾ?”