ಇಬ್ಬರಿಗೆ ಒಂದು ಚಮಚ

ಪ್ರವಾಸ ಮುಗಿಸಿ ಬಂದು ಮೂರು ದಿನವಾಯಿತು. ಇವತ್ತು ಬೆಳಿಗ್ಗೆ ಧೈರ್ಯ ಮಾಡಿ ಬೆನ್ನುಚೀಲದ ಜಿಪ್ ಎಳೆದೆ. ಒಳಗಿಂದ ಬಂದ ಘಮಕ್ಕೆ ಕಿಟಕಿ ಹತ್ತಿರ ಮಲಗಿದ್ದ ಬೆಕ್ಕು ಎದ್ದು, ನನ್ನ ಮುಖವನ್ನೊಮ್ಮೆ ನೋಡಿ, ಪಕ್ಕದ ಮನೆಗೆ ಹೋಯಿತು. ಒದ್ದೆ ಕಾಲುಚೀಲದ ವಾಸನೆ ನನ್ನದೇ, ಒಪ್ಪುತ್ತೇನೆ. ಆದರೆ ಚೀಲದ ತಳದಲ್ಲಿ ಗಂಟು ಕಟ್ಟಿ ತುರುಕಿದ್ದ ಇನ್ನೊಂದು ಚೀಲದಲ್ಲಿ ಐದು ದಿನದ ಕಸವಿತ್ತು. ಬಿಸ್ಕತ್ತಿನ ಹೊದಿಕೆಗಳು, ಸತ್ತ ಬ್ಯಾಟರಿಗಳು, ಗಡ್ಡ ಬಂದಂತೆ ಬೂಸ್ಟು ಬೆಳೆದ ಕಿತ್ತಳೆ ಸಿಪ್ಪೆ. ನಾನು ಕಿತ್ತಳೆ ತಿನ್ನುವುದೇ ಇಲ್ಲ.

ಅದು ತಕ್ಕಡಿಯ ಸಿಪ್ಪೆ.

ತಕ್ಕಡಿ ಅಂದರೆ ನನ್ನ ಗೆಳೆಯ. ಅವನಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿದೆ, ಅದನ್ನಿಲ್ಲಿ ಹಾಳು ಮಾಡುವುದು ಬೇಡ. ಹೊರಡುವ ಮುಂಚಿನ ವಾರವಿಡೀ ಅವನು ಅಡುಗೆಮನೆಯ ತಕ್ಕಡಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ಹೊರುವ ಒಂದೊಂದು ಗ್ರಾಮನ್ನೂ ತೂಗಿ ಇಳಿಸಬೇಕು ಅನ್ನುವ ಪಂಥಕ್ಕೆ ಸೇರಿದವನು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕೊಯ್ದ. ಅಂಗಿಯ ಕಾಲರಿನ ಲೇಬಲ್ ಬಿಚ್ಚಿದ. ನಕ್ಷೆಯಲ್ಲಿ ನಾವು ಹೋಗದ ಭಾಗವನ್ನು ಕತ್ತರಿಸಿ ಬಿಸಾಡಿದ. ದಾರಿ ತಪ್ಪಿದ ದಿನ ನಾವು ಇದ್ದದ್ದು ಸರಿಯಾಗಿ ಆ ಬಿಸಾಡಿದ ಭಾಗದಲ್ಲಿ.

ಆಮೇಲೆ ಚಮಚಗಳ ಸರದಿ. "ಇಬ್ಬರು ಒಟ್ಟಿಗೇ ಉಣ್ಣಬೇಕು ಅಂತ ಎಲ್ಲಿ ಬರೆದಿದೆ? ಒಂದು ಸಾಕು" ಅಂದ. ಒಂದನ್ನೇ ಆರಿಸಿ, ಅದರ ಹಿಡಿಯನ್ನೂ ಗರಗಸದಿಂದ ಅರ್ಧ ಮಾಡಿ, ಉಳಿದ ಮೋಟನ್ನು ತೂಗಿ, ಮಗುವಿನ ತೂಕ ನೋಡಿದ ತಂದೆಯ ಹಾಗೆ ನಕ್ಕ. ಗುಂಡಿ ತೋಡಲಿಕ್ಕೆಂದು ನಾನು ತಂದಿದ್ದ ಸಣ್ಣ ಕೈಗುದ್ದಲಿಯನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ. "ಇದಕ್ಕೆ ಒಂದು ಕೋಲು ಸಾಕು ಮಾರಾಯ. ಕಾಡಲ್ಲಿ ಕೋಲಿಗೇನು ಬರ?"

ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಇಷ್ಟೆಲ್ಲ ತೂಗಿದವನ ಕಸ ನನ್ನ ಚೀಲದಲ್ಲಿ ಹೇಗೆ ಬಂತು ಅಂದರೆ, ಅದಕ್ಕೂ ಅವನ ಹತ್ತಿರ ಗಣಿತವಿತ್ತು. ಬೆನ್ನ ಮೇಲಿನ ಹೊರೆ ಮೈತೂಕದ ಐದನೇ ಒಂದು ಭಾಗ ದಾಟಬಾರದು ಅನ್ನುವುದು ಚಾರಣಿಗರ ಹಳೆಯ ಲೆಕ್ಕ. ಅವನು 55 ಕೆಜಿ, ಅಂದರೆ 11 ಕೆಜಿಗೆ ಮುಗಿಯಿತು. ನಾನು 85. "ನಿಂಗೆ 17ರ ತನಕ ಅವಕಾಶ ಇದೆ ನೋಡು, ಅದೃಷ್ಟವಂತ!" ಅಂದ. ಡೇರೆ ನನ್ನ ಚೀಲಕ್ಕೆ, ಒಲೆ ನನ್ನ ಚೀಲಕ್ಕೆ, ಪಾತ್ರೆ ನನ್ನ ಚೀಲಕ್ಕೆ, ಮೊದಲ ದಿನದ ಕಿತ್ತಳೆ ಸಿಪ್ಪೆಯೂ ನನ್ನ ಚೀಲಕ್ಕೆ. ಮಣ್ಣಿಗೆ ಬಿದ್ದರೆ ಕೊಳೆಯುವುದಿಲ್ಲವೇನೋ ಎಂದು ಕೇಳಿದ್ದಕ್ಕೆ ಅರ್ಧ ಗಂಟೆ ಪಾಠವಾಯಿತು. ಸಿಪ್ಪೆ ಕರಗಲು ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಪ್ರಾಣಿಗಳು ಮನುಷ್ಯರ ತಿಂಡಿಗೆ ಒಗ್ಗಿ ದಾರಿಗೇ ಬಂದು ಕೂರುತ್ತವೆ. ಹೇಳಿದ್ದು ನಿಜ. ಅವನ ಮೇಲೆ ನನಗಿರುವ ಸಿಟ್ಟಿನ ಮುಖ್ಯ ಕಾರಣವೇ ಅವನು ಹೇಳುವುದು ನಿಜವಾಗಿರುತ್ತದೆ ಅನ್ನುವುದು.

ಎಲ್ಲವೂ ಅಲ್ಲ. ಹೊರಡುವ ಮುಂಚೆ ಅವನು "ಪರಿಸರಸ್ನೇಹಿ" ಅಂಗಡಿಯೊಂದಕ್ಕೆ ನನ್ನನ್ನು ಎಳೆದುಕೊಂಡು ಹೋದ. ನಮ್ಮಂಥ ತೆಳು ಜೇಬಿನವರು ಹುಟ್ಟಾ ಪರಿಸರಸ್ನೇಹಿಗಳು ಅನ್ನುವುದು ನನ್ನ ಖಚಿತ ಅಭಿಪ್ರಾಯ. ವಿಮಾನಕ್ಕೆ ಕಾಸಿಲ್ಲ ಅಂತ ರೈಲು ಹತ್ತುತ್ತೇವೆ. ರೂಮಿನ ಬಾಡಿಗೆ ಉಳಿಯಲಿ ಅಂತ ರಾತ್ರಿ ರೈಲನ್ನೇ ಹತ್ತುತ್ತೇವೆ. ಅಣ್ಣನ ಹಳೆಯ ಜಾಕೆಟ್ ಹಾಕುತ್ತೇವೆ, ನಲ್ಲಿ ಕಂಡಲ್ಲಿ ಬಾಟಲಿ ತುಂಬುತ್ತೇವೆ. ಇದೇ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸುವುದು ಆ ಅಂಗಡಿ. ಬಿದಿರಿನ ಬ್ರಷ್ಷು ಇಟ್ಟಿದ್ದರು, ಹಿಡಿ ಬಿದಿರಿನದೇ, ಆದರೆ ಹಲ್ಲಿಗೆ ತಾಗುವ ಕೂದಲು ಸಾಮಾನ್ಯವಾಗಿ ನೈಲಾನು. ತಕ್ಕಡಿ ಅಲ್ಲೊಂದು ಸಾವಯವ ಹತ್ತಿಯ ಕೈಚೀಲ ಕೊಂಡ. ಮನೆಯಲ್ಲಿ ಅಂಥವು ಆಗಲೇ ಆರಿವೆ. ನಾನು ಸುಮ್ಮನಿರಬಾರದೇ? ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಹಾಕಿದ ಲೆಕ್ಕ ಒಪ್ಪಿಸಿದೆ. ಎಲ್ಲ ಬಗೆಯ ಪರಿಣಾಮ ಸೇರಿಸಿ ನೋಡಿದರೆ, ಸಾವಯವ ಹತ್ತಿಯ ಚೀಲ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ವಾಸಿ ಅನ್ನಿಸಿಕೊಳ್ಳಲು ಅದನ್ನು 20,000 ಸಲ ಬಳಸಬೇಕು. ದಿನಕ್ಕೊಂದು ಸಲ ಅಂದರೂ ಐವತ್ತನಾಲ್ಕು ವರ್ಷ ದಾಟುತ್ತದೆ. ಅಂಥವು ಏಳು. ತಕ್ಕಡಿ ಒಂದು ನಿಮಿಷ ಯೋಚಿಸಿ, "ನಮ್ಮ ಮನೇಲಿ ಎಲ್ಲರಿಗೂ ಆಯುಸ್ಸು ಗಟ್ಟಿ" ಅಂದ.

ದಾರಿಯಲ್ಲಿ ನಾವು ತಂಗಿದ್ದ ಹಾಸ್ಟೆಲಿನ ವಿಷಯ ಹೆಚ್ಚು ಹೇಳುವುದಿಲ್ಲ. 1909ರಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಜರ್ಮನ್ ಮೇಷ್ಟ್ರು ಮಕ್ಕಳನ್ನು ಕಟ್ಟಿಕೊಂಡು ಚಾರಣ ಹೋದಾಗ ಬಿರುಮಳೆಗೆ ಸಿಕ್ಕಿ, ಒಂದು ಶಾಲೆಯಲ್ಲಿ ರಾತ್ರಿ ಕಳೆದರಂತೆ. ಯುವಕರಿಗೆ ಅಗ್ಗದ ತಂಗುದಾಣ ಬೇಕು ಎಂದು ಹೊಳೆದದ್ದು ಅಲ್ಲಿಯೇ. ಪುಣ್ಯಾತ್ಮ, ಹತ್ತು ಜನರ ಕೋಣೆಯಲ್ಲಿ ಒಬ್ಬ ಗೊರಕೆಯವನು ಇರುತ್ತಾನೆ ಅನ್ನುವುದೂ ಹೊಳೆದಿದ್ದರೆ ಚೆನ್ನಾಗಿತ್ತು. ಅಲ್ಲಿಯೇ ನಮ್ಮ ಶಾಂಪೂ ಬಿಲ್ಲೆ ಒದ್ದೆ ಡಬ್ಬಿಯೊಳಗೆ ಕರಗಿ ಅಂಟಾಗಿ, ಟವೆಲು, ಟಾರ್ಚು, ಟಿಕೇಟು ಮೂರಕ್ಕೂ ತಲೆಸ್ನಾನ ಮಾಡಿಸಿತು. ಇರಲಿ.

ಅಸಲು ಕತೆ ನಾಲ್ಕನೆಯ ರಾತ್ರಿಯದು. ಹಳ್ಳದಿಂದ ಸಾಕಷ್ಟು ದೂರದಲ್ಲಿ, ಕಾಲುದಾರಿಗೆ ಮರೆಯಾಗಿ ಡೇರೆ ಹಾಕಿದ್ದೆವು. ಸುಮಾರು ಎರಡು ಗಂಟೆಗೆ ನನ್ನ ಹೊಟ್ಟೆ ಒಂದು ಮಾತಾಡಿತು. ತಿರುಗಿ ಮಲಗಿದೆ. ಇನ್ನೊಂದು ಮಾತಾಡಿತು, ಈ ಸಲ ದನಿ ಏರಿಸಿ. ಅಲ್ಲಿಂದಾಚೆ ಅದು ಮಾತುಕತೆಯಾಗಿ ಉಳಿಯಲಿಲ್ಲ. ಟಾರ್ಚು ಹಿಡಿದು ಹೊರಬಿದ್ದೆ.

ನಿಯಮ ಗೊತ್ತಿತ್ತು, ತಕ್ಕಡಿ ಬಾಯಿಪಾಠ ಮಾಡಿಸಿದ್ದ. ನೀರಿನಿಂದ, ಕಾಲುದಾರಿಯಿಂದ, ಡೇರೆಯಿಂದ ತಲಾ 60 ಮೀಟರ್ ದೂರ. ಅಂದರೆ ಎಪ್ಪತ್ತು ಹೆಜ್ಜೆ. ಅಲ್ಲಿ ಆರರಿಂದ ಎಂಟು ಅಂಗುಲ ಆಳದ ಗುಂಡಿ. ಮಣ್ಣಿನ ಮೇಲ್ಪದರದಲ್ಲಿ ಸೂಕ್ಷ್ಮಜೀವಿಗಳು ದಟ್ಟವಾಗಿರುತ್ತವೆ, ಕೆಲಸ ಬೇಗ ಮುಗಿಸುತ್ತವೆ. ತೀರ ಆಳಕ್ಕಿಳಿದರೆ ಅವು ವಿರಳ. ಹಗಲು ಹೊತ್ತು ಕೇಳಲಿಕ್ಕೆ ಎಷ್ಟು ಸೊಗಸಾಗಿತ್ತು!

ಡೇರೆಯಿಂದ ಎಪ್ಪತ್ತು ಹೆಜ್ಜೆ ಎಣಿಸಿದೆ. ಅರವತ್ತನೆಯದಕ್ಕೆ ಕಾಲಡಿಯಲ್ಲಿ ಜುಳುಜುಳು, ಹಳ್ಳ! ತಿರುಗಿ, ಹಳ್ಳದಿಂದ ಎಣಿಸುತ್ತಾ ಹೊರಟೆ. ಐವತ್ತೆಂಟಕ್ಕೆ ಕಾಲುದಾರಿ ಸಿಕ್ಕಿತು. ಕಾಲುದಾರಿಯಿಂದ ಎಣಿಸಿದರೆ ನಲವತ್ತಕ್ಕೆ ತಕ್ಕಡಿಯ ಗೊರಕೆ ಕೇಳಿತು. ತ್ರಿಕೋನದ ಮೂರು ಮೂಲೆಯಿಂದಲೂ ಸಮಾನ ದೂರದ ಬಿಂದುವನ್ನು ಕಂಡುಹಿಡಿಯುವ ಲೆಕ್ಕ ಹೈಸ್ಕೂಲಿನಲ್ಲಿತ್ತು, ಇದರಿಂದ ಬದುಕಿಗೇನು ಉಪಯೋಗ ಸಾರ್ ಎಂದು ಹಿಂದಿನ ಬೆಂಚಿನಿಂದ ಕೇಳಿ ನಗಿಸಿದ್ದವನು ನಾನೇ. ಹೊಟ್ಟೆ ಹಿಡಿದುಕೊಂಡು, ಮೊಣಕಾಲು ಒತ್ತಿಕೊಂಡು, ಕಂಪಾಸಿನ ಮುಳ್ಳಿನ ಹಾಗೆ ಕತ್ತಲಲ್ಲಿ ಸುತ್ತಿದೆ. ಕೊನೆಗೆ ಒಂದು ಏರು ಹತ್ತಿ ಜಾಗ ಸಿಕ್ಕಿತು.

ಈಗ ಕೋಲು. ಕಾಡಲ್ಲಿ ಕೋಲಿಗೇನು ಬರ? ಬರವಿಲ್ಲ, ಎಲ್ಲ ಮರದ ಮೇಲೆ ಇದ್ದವು. ನೆಲದ ಮೇಲೆ ಸಿಕ್ಕ ಮೊದಲನೆಯದು ಮುಟ್ಟಿದೊಡನೆ ಪುಡಿ. ಎರಡನೆಯದು ಕಲ್ಲಿಗೆ ತಾಗಿ ಮುರಿಯಿತು. ಮೂರನೆಯದನ್ನು ಎತ್ತಿದೆ, ಅದು ತಾನಾಗಿಯೇ ಜಾಗ ಬದಲಿಸಿತು. ಆಮೇಲೆ ನಾನು ಕೋಲು ಹುಡುಕಲಿಲ್ಲ. ಜಾಕೆಟ್ಟಿನ ಜೇಬಿಗೆ ಕೈ ಹೋಯಿತು. ರಾತ್ರಿ ಊಟ ಕೊನೆಗೆ ಮುಗಿಸಿದವನು ನಾನು. ಜೇಬಿನಲ್ಲಿ ಚಮಚವಿತ್ತು.

ಯಾರೂ ನನ್ನನ್ನು ಕೆಟ್ಟವನೆನ್ನಬೇಡಿ. ಆ ಹೊತ್ತಿನಲ್ಲಿ ಮನುಷ್ಯನಿಗೆ ಇರುವುದು ಒಂದೇ ಧರ್ಮ. ಮೊಣಕಾಲೂರಿ ಕೆರೆಯತೊಡಗಿದೆ. ಒಂದು ಚಮಚ ಮಣ್ಣು, ಒಂದು ಬೇರು. ಒಂದು ಚಮಚ ಮಣ್ಣು, ಒಂದು ಕಲ್ಲು. ಹಿಡಿ ಉದ್ದವಿದ್ದಿದ್ದರೆ ಮೀಟಬಹುದಿತ್ತು, ಅದು ತಕ್ಕಡಿಯ ಮನೆಯ ಕಸದಬುಟ್ಟಿಯಲ್ಲಿತ್ತು. ಆಳ ಅಳೆಯಲೂ ಅದೇ ಚಮಚ: ಉಳಿದ ಮೋಟು ಮೂರೂವರೆ ಅಂಗುಲ, ಹಾಗಾಗಿ ಎರಡು ಚಮಚ ಆಳಕ್ಕೆ ಏಳು. ಒಂದೂವರೆ ಚಮಚ ಆಳವಾದಾಗ ಹೊಟ್ಟೆ ಕೊನೆಯ ನೋಟೀಸು ಕೊಟ್ಟಿತು. ನಾನು ಅಂಗಲಾಚಿದೆ, ಹೌದು, ನನ್ನ ಹೊಟ್ಟೆಯ ಹತ್ತಿರವೇ, ಬಾಯಿಬಿಟ್ಟು, "ಇನ್ನರ್ಧ ಚಮಚ, ಇನ್ನರ್ಧ ಚಮಚ" ಎಂದು. ಮುಟ್ಟಿಸಿದೆ. ಏಳು ಅಂಗುಲ ಮುಟ್ಟಿಸಿಯೇ ಕೂತೆ. ನಕ್ಷತ್ರಗಳು ಕಿಕ್ಕಿರಿದಿದ್ದವು.

ಬೆಳಕು ಹರಿಯುವ ಮುಂಚೆ ಚಮಚ ತೊಳೆಯಬೇಕಲ್ಲ. ಹಳ್ಳಕ್ಕೆ ಸೋಪು ತಾಗಿಸುವ ಹಾಗಿಲ್ಲ. ಕೊಳೆತುಹೋಗುವ ಸೋಪು ಎಂದು ಬರೆದಿದ್ದರೂ ಅದು ಕೊಳೆಯಬೇಕಾದದ್ದು ಮಣ್ಣಿನಲ್ಲಿ, ನೀರಿನಲ್ಲಲ್ಲ. ಪಾತ್ರೆಯಲ್ಲಿ ನೀರು ಹೊತ್ತು ಮತ್ತೆ ಎಪ್ಪತ್ತು ಹೆಜ್ಜೆ. ಮೂರು ಸಲ ಉಜ್ಜಿದೆ. ಸಮಾಧಾನವಾಗದೆ ಒಲೆ ಹಚ್ಚಿ ಕುದಿಸಲಿಟ್ಟೆ. ನೀರು ಶುದ್ಧವಾಗಲು ಒಂದು ನಿಮಿಷ ಕುದ್ದರೆ ಸಾಕು, 2,000 ಮೀಟರ್ ಮೇಲಾದರೆ ಮೂರು. ನಾನು ಹನ್ನೆರಡು ನಿಮಿಷ ಕುದಿಸಿದೆ. ಹದಿಮೂರನೆಯದಕ್ಕೆ ಡೇರೆಯಿಂದ ತಕ್ಕಡಿಯ ತಲೆ ಹೊರಬಂತು.

"ಚಮಚ ಬೇಯಿಸ್ತಾ ಇದ್ದೀಯಾ?"

"ಸ್ವಚ್ಛತೆ."

"ಗ್ಯಾಸ್ ಎಷ್ಟು ಖರ್ಚಾಯ್ತು ಗೊತ್ತಾ? ಇಂಗಾಲದ ಲೆಕ್ಕ ಬೇಡ್ವಾ?" ಎಂದು ಗೊಣಗುತ್ತಾ ಚಮಚ ಕಿತ್ತುಕೊಂಡು ತಿಂಡಿಗೆ ಕೂತ. ಮೊದಲ ಸರದಿ ಅವನದು. ನನ್ನ ಸರದಿ ಬಂದಾಗ ಹಸಿವಿಲ್ಲ ಎಂದೆ. "ನೋಡು, ಕಾಡಿಗೆ ಬಂದ್ಮೇಲೆ ನಿನ್ನ ಹೊಟ್ಟೆ ಎಷ್ಟು ಸರಿ ಹೋಗಿದೆ" ಅಂದ.

ಹೊರಡುವಾಗ ಡೇರೆ ಬಿಚ್ಚಿದರೆ ಕೆಳಗಿನ ಹುಲ್ಲು ಎರಡು ಮೈಗಳ ಆಕಾರಕ್ಕೆ ಒತ್ತಿಹೋಗಿತ್ತು, ಒಂದು ಅಗಲ, ಒಂದು ಸಣ್ಣದು. ತಕ್ಕಡಿ ಕುಕ್ಕರಗಾಲಲ್ಲಿ ಕೂತು, ನಿದ್ದೆಯಿಂದೆದ್ದ ಮಗುವಿನ ತಲೆ ಬಾಚುವಂತೆ ಬೆರಳಲ್ಲಿ ಹುಲ್ಲನ್ನು ಎಬ್ಬಿಸುತ್ತಿದ್ದ. ಯಾರೋ ಬಿಟ್ಟುಹೋಗಿದ್ದ ಬಾಟಲಿ ಮುಚ್ಚಳ ಎರಡು ಸಿಕ್ಕವು, ಅವನ್ನೂ ಹೆಕ್ಕಿದ. ಮುಂದಿನ ಸೋಮವಾರದಿಂದ ಅವನಿಗೆ ಕೆಲಸ. ಇನ್ನು ಮೇಲೆ ರಜೆಯನ್ನೂ ಗ್ರಾಮಿನಲ್ಲಿ ತೂಗಬೇಕು. ಸಂಜೆಯೊಳಗೆ ಹುಲ್ಲು ಎದ್ದು ನಿಲ್ಲುತ್ತದೆ, ನಾವಿಬ್ಬರು ಇಲ್ಲಿ ಮಲಗಿದ್ದೆವು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಆಗಬಾರದು ಅಂತಲೇ ಇಷ್ಟೆಲ್ಲ ಒದ್ದಾಡಿದ್ದು. ಆದರೂ ಯಾಕೋ ಎದ್ದು ಹೊರಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಅವನು ಆ ಎರಡು ಮುಚ್ಚಳಗಳನ್ನು ನನ್ನ ಚೀಲದ ಪಕ್ಕದ ಜೇಬಿಗೆ ಹಾಕಿದ. ಮನಸ್ಸಾಯಿತು.

ಬೆಳಿಗ್ಗೆ ಆ ಕಸದ ಗಂಟನ್ನು ಮುಂದಿಟ್ಟುಕೊಂಡು ಅವನಿಗೆ ಫೋನು ಮಾಡಿದೆ. ಬೈಯಲು ಏನೇನೋ ಸಿದ್ಧ ಮಾಡಿಕೊಂಡಿದ್ದೆ.

"ಓ, ಅದು ನಿನ್ನ ಹತ್ರಾನೇ ಉಳೀತಾ? ಹಸಿ ಬೇರೆ, ಒಣ ಬೇರೆ ಮಾಡಿ ಹಾಕು. ಬ್ಯಾಟರಿ ಎರಡರಲ್ಲೂ ಸೇರಿಸಬೇಡ" ಅಂದ.

"ನಿನ್ನ ಹತ್ರ ನನ್ನದೇನೂ ಉಳಿದಿಲ್ವಾ?"

"ಚಮಚ ಇದೆ. ಕೊಡಲ್ಲ ಈಗಲೇ. ನಮ್ಮ ಆಫೀಸಲ್ಲಿ ಎಲ್ಲರೂ ಪ್ಲಾಸ್ಟಿಕ್ ಚಮಚ ಬಳಸ್ತಾರೆ ಮಾರಾಯ, ಒಂದು ಸಲ ಬಾಯಿಗೆ, ಆಮೇಲೆ ಕಸಕ್ಕೆ. ನಾನು ಇದನ್ನೇ ಒಯ್ತಿದ್ದೀನಿ. ನಿನ್ನೆ ಮ್ಯಾನೇಜರ್ ಚಮಚ ಮರೆತು ಬಂದಿದ್ರು, ಅವರಿಗೂ ಕೊಟ್ಟೆ. ಹಿಡಿ ಸಣ್ಣದಾದ್ರೂ ತುಂಬಾ ಚೆನ್ನಾಗಿದೆ ಅಂದ್ರು."