ಬಿಡಬಾರದು, ಬಿಡಬೇಕು

ಸೊಂಟಕ್ಕೆ ಕಟ್ಟುವ ವಸ್ತು ಅಂದರೆ ನಮ್ಮ ಮನೆಯಲ್ಲಿ ಉಡಿದಾರ, ಡಾಬು, ಬೆಲ್ಟು. ವಯಸ್ಸಾದ ಮೇಲೆ ಡಾಕ್ಟರು ಬರೆದುಕೊಡುವ ಸೊಂಟದ ಪಟ್ಟಿ. ಈ ಸಾಲಿಗೆ ರೇಸ್ ಹೋಲ್‌ಸ್ಟರ್, ಅಂದರೆ ಶೂಟಿಂಗ್ ಪಂದ್ಯದಲ್ಲಿ ಪಿಸ್ತೂಲು ಸಿಕ್ಕಿಸಿಕೊಳ್ಳುವ ಸಾಧನ, ಸೇರಿಸಿದವನು ಮೆಲ್ಬರ್ನ್‌ನಲ್ಲಿರುವ ನನ್ನ ಅಕ್ಕನ ಮಗ.

ಅವನು ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಭಾನುವಾರ ಕ್ಲಬ್ಬಿಗೆ ಹೋಗಿ ಪಿಸ್ತೂಲು ಹಿಡಿದು ಓಡುತ್ತಾನೆ. ನಾವು ಟಿವಿಯಲ್ಲಿ ನೋಡುವ ಒಲಿಂಪಿಕ್ ಆಟ ಇದಲ್ಲ. ಅಲ್ಲಿ ಏರ್ ಪಿಸ್ತೂಲಿನವರು 10 ಮೀಟರ್ ದೂರದ ಗುರಿಯ ಮುಂದೆ ಅಲುಗಾಡದೆ ನಿಲ್ಲುತ್ತಾರೆ, ಹೋಲ್‌ಸ್ಟರಿನ ಗೊಡವೆಯೇ ಇಲ್ಲ. 2024ರ ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ದಿಕೆಚ್ ಒಂದು ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟುಕೊಂಡೇ ಬೆಳ್ಳಿ ಗೆದ್ದರು. ನನ್ನ ಅಳಿಯನದು ಐಪಿಎಸ್‌ಸಿ, ಅಂದರೆ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್. 1976ರಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಹುಟ್ಟಿದ ಸಂಸ್ಥೆಯ ಆಟ. ಬೀಪ್ ಅಂದ ತಕ್ಷಣ ಸೊಂಟದಿಂದ ಪಿಸ್ತೂಲು ಎಳೆದು, ಓಡುತ್ತಾ, ಬಗ್ಗುತ್ತಾ, ತಡಿಕೆ ಸಂದಿಯಿಂದ ಇಣುಕುತ್ತಾ ರಟ್ಟಿನ ಗುರಿಗಳಿಗೆ ಹೊಡೆಯಬೇಕು. ಬಂದ ಪಾಯಿಂಟನ್ನು ಹಿಡಿದ ಸೆಕೆಂಡಿನಿಂದ ಭಾಗಿಸುತ್ತಾರೆ. 60 ಪಾಯಿಂಟು 10 ಸೆಕೆಂಡಿಗೆ ಬಂದರೆ 6, ಅದೇ 60 ಪಾಯಿಂಟು 8 ಸೆಕೆಂಡಿಗೆ ಬಂದರೆ 7.5. ಅರ್ಧ ಸೆಕೆಂಡಿಗೂ ಇವರು ಬಡಿದಾಡುವುದು ಇದಕ್ಕೇ.

ಈ ಸಲ ರಜೆಗೆ ತುಮಕೂರಿಗೆ ಬಂದಾಗ ಅವನ ಸೂಟ್‌ಕೇಸಿನಲ್ಲಿ ಕ್ಲಬ್ಬಿನ ಗೆಳೆಯನಿಂದ ಕಡ ತಂದ ಹಳೆಯ ಹೋಲ್‌ಸ್ಟರ್ ಮತ್ತು ಒಂದು ದಪ್ಪ ಬೆಲ್ಟು ಇದ್ದವು. ಪಿಸ್ತೂಲು ಆಸ್ಟ್ರೇಲಿಯಾದಲ್ಲೇ ಬೀಗದೊಳಗಿತ್ತು. ಹೊಸ ಹೋಲ್‌ಸ್ಟರ್ ಯಾವುದು ತಗೊಳ್ಳಬೇಕು ಎಂದು ಇಲ್ಲಿ ಕೂತು ತೀರ್ಮಾನ ಮಾಡುತ್ತೇನೆ, ಜೊತೆಗೆ ಕೈಗೂ ಅಭ್ಯಾಸವಾಗುತ್ತದೆ ಅಂದ. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಬುದ್ಧಿ ಹೇಳೋ" ಅಂದಳು. ನಾನು ಬುದ್ಧಿ ಹೇಳಲಿಲ್ಲ. ಹೋಲ್‌ಸ್ಟರ್ ನೋಡಿದೆ.

ಚೀಲವೇ ಇರಲಿಲ್ಲ. ಬೆಲ್ಟಿಗೆ ಕೂರುವ ಒಂದು ಅಲ್ಯೂಮಿನಿಯಂ ತೋಳು. ಅದರ ತುದಿಯಲ್ಲಿ ಎರಡು ಬೆರಳಗಲದ ಪ್ಲಾಸ್ಟಿಕ್ ಅಚ್ಚು. ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ಪುಟ್ಟ ಲಿವರ್. ಪಿಸ್ತೂಲಿನ ಟ್ರಿಗರ್ ಸುತ್ತ ಒಂದು ಬಳೆ ಇರುತ್ತದಲ್ಲ, ಟ್ರಿಗರ್ ಗಾರ್ಡ್, ಅದನ್ನಷ್ಟೇ ಈ ಅಚ್ಚು ಕಚ್ಚಿಕೊಳ್ಳುತ್ತದೆ. ನಳಿಗೆ ಪೂರ್ತಿ ಬಯಲು. ಒಂದು ಕಿಲೋ ದಾಟುವ ಕಬ್ಬಿಣ ಆ ಎರಡು ಬೆರಳಗಲದ ಮೇಲೆ ನೇತಾಡಬೇಕು.

ಎದುರು ಮನೆಯ ನಿವೃತ್ತ ಎಎಸ್‌ಐ ಸಾಹೇಬರು ಸಂಜೆ ಕಾಫಿಗೆ ಬಂದವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರು ಸರ್ವಿಸಿನಲ್ಲಿ ಕಂಡದ್ದು ಚರ್ಮದ ಹೋಲ್‌ಸ್ಟರು. ಮೇಲೊಂದು ಮುಚ್ಚಳ, ಮುಚ್ಚಳಕ್ಕೊಂದು ಗುಂಡಿ, ಸಾಲದ್ದಕ್ಕೆ ಗನ್ನಿನ ಹಿಡಿಗೆ ಒಂದು ಹಗ್ಗ.

"ಏನಪ್ಪಾ, ಮಿಕ್ಕಿದ್ದನ್ನ ಏರ್‌ಪೋರ್ಟಲ್ಲಿ ಕಿತ್ಕೊಂಡ್ರಾ?"

"ಇಲ್ಲ ಸಾರ್, ಪೂರ್ತಿ ಇಷ್ಟೇ."

"ಜಾತ್ರೇಲಿ ಒಬ್ಬ ಹಿಂದಿನಿಂದ ಕೈ ಹಾಕಿದ್ರೆ?"

"ಜಾತ್ರೆಗೆ ಹಾಕ್ಕೊಂಡು ಹೋಗಲ್ಲ ಸಾರ್. ಶೂಟಿಂಗ್ ರೇಂಜಲ್ಲಿ ಮಾತ್ರ. ಅಲ್ಲೂ ಗನ್ ಖಾಲಿ ಇರುತ್ತೆ. ಆಫೀಸರ್ ಹೇಳಿದ ಮೇಲೇನೇ ಗುಂಡು ತುಂಬ್ಕೋಬೇಕು."

ಸಾಹೇಬರಿಗೆ ಸಮಾಧಾನವಾಗಲಿಲ್ಲ. ನನಗೆ ಮಾತ್ರ ವಿಷಯ ಹೊಳೆಯಿತು. ಪೊಲೀಸ್ ಹೋಲ್‌ಸ್ಟರಿಗೆ ಬೇರೆಯವರ ಕೈಯ ಚಿಂತೆ. ರೇಸ್ ಹೋಲ್‌ಸ್ಟರಿಗೆ ಯಜಮಾನನ ಅವಸರದ್ದೇ ಚಿಂತೆ. ಓಡಿದರೆ, ಹಾರಿದರೆ, ಮಂಡಿಯೂರಿದರೆ ಬಿಡಬಾರದು. ಬೀಪ್ ಅಂದ ಮೇಲೆ ಒಂದು ಕ್ಷಣವೂ ಹಿಡಿದಿಟ್ಟುಕೊಳ್ಳಬಾರದು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಅಷ್ಟೇ ತಾನೆ? ನಮ್ಮ ಇಕ್ಕಳ ಇನ್ನೇನು ಮಾಡುತ್ತೆ? ಹಾಲಿನ ಪಾತ್ರೆ ಇಳಿಸೋವರೆಗೂ ಬಿಡಬಾರದು, ಇಳಿಸಿದ ಮೇಲೆ ಅಂಟ್ಕೋಬಾರದು" ಅಂದಳು. ಅಳಿಯ ಆಸ್ಟ್ರೇಲಿಯಾದ ಕ್ಲಬ್ಬಿನಲ್ಲೂ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಅಂದ. ಆ ಮಾತಿಗೆ ಮರುದಿನ ಅವನಿಗೆ ಎರಡು ಹೋಳಿಗೆ ಜಾಸ್ತಿ ಬಿತ್ತು.

ಈಗ ಅಭ್ಯಾಸಕ್ಕೆ ಪಿಸ್ತೂಲು ಬೇಕಲ್ಲ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ನಿಜವಾದ ಪಿಸ್ತೂಲಿನ ಮಾತೇ ಇಲ್ಲ. ಮರದಲ್ಲಿ ಮಾಡಿಸೋಣ ಅಂದ. ನಮ್ಮ ಬೀದಿಯ ಆಚಾರ್ರ ಬಳಿ ಹೋದೆವು. ಮೊಬೈಲಿನಲ್ಲಿ ಫೋಟೋ ನೋಡಿ, "ಇದೇನ್ ಮಹಾ, ಬಾಗಿಲ ಚೌಕಟ್ಟಿನ ತೇಗದ ತುಂಡಿದೆ, ಅದರಲ್ಲೇ ಕೂರುತ್ತೆ" ಅಂದರು. ಎರಡು ಸಂಜೆಯಲ್ಲಿ ಪಿಸ್ತೂಲು ಬಂತು. ನೋಡಲು ಸೊಗಸಾಗಿತ್ತು. ಹಿಡಿಯ ಮೇಲೆ ಅವರ ಸಂತೋಷಕ್ಕೆ ಒಂದು ಮಾವಿನೆಲೆಯ ಕೆತ್ತನೆಯನ್ನೂ ಮಾಡಿದ್ದರು.

ಹೋಲ್‌ಸ್ಟರಿಗೆ ಮಾತ್ರ ಹೋಗಲಿಲ್ಲ.

ರೇಸ್ ಹೋಲ್‌ಸ್ಟರಿನ ಸಣ್ಣತನ ಇಲ್ಲಿದೆ. ಒಳಗಿನ ಅಚ್ಚು ಒಂದೊಂದು ಮಾದರಿಯ ಪಿಸ್ತೂಲಿಗೆ ಒಂದೊಂದು. ಹೆಚ್ಚು ಕಡಿಮೆ ಅದೇ ಥರ ಇದ್ದರೆ ಸಾಲದು, ಅದೇ ಆಗಬೇಕು. ಆಚಾರ್ರು ಬಳೆಯನ್ನು ಉಜ್ಜಿದರು. ಹೋಯಿತು, ಆದರೆ ಈಚೆ ಬರಲಿಲ್ಲ. ಅಳಿಯ ಎಳೆದ, ನಾನು ಬೆಲ್ಟು ಹಿಡಿದೆ, ಆಚಾರ್ರು ಸುತ್ತಿಗೆಯ ಹಿಡಿಯಿಂದ ತಟ್ಟಿದರು. ಮತ್ತೆ ಉಜ್ಜಿದರು. ಈ ಸಲ ಹೋಯಿತು, ಬಂತು, ಬೇಡ ಅಂದರೂ ಬಂತು. "ಸುಮ್ನೆ ಒಂದು ದಾರ ಕಟ್ಕೊಳಪ್ಪ" ಅಂದರು ಆಚಾರ್ರು. ಅವರ ಮಟ್ಟಿಗೆ ಪಿಸ್ತೂಲು ಮುಗಿದಿತ್ತು. ಮಾವಿನೆಲೆ ಬಂದಿತ್ತಲ್ಲ.

ಕಡೆಗೆ ಕೈಹಿಡಿದದ್ದು ಎಚ್‌ಎಂಟಿ. ನಮ್ಮೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಈಗಿಲ್ಲ. ಆದರೆ ಅಲ್ಲಿ ಕೆಲಸ ಮಾಡಿದವರು ಊರ ತುಂಬ ಇದ್ದಾರೆ. ಅವರ ಮನೆಯ ಗೇಟು ಕಿರುಗುಟ್ಟುವುದಿಲ್ಲ, ಗಡಿಯಾರ ತಪ್ಪುವುದಿಲ್ಲ. ಅಂಥ ಒಬ್ಬ ಹಿರಿಯರು ನನ್ನ ವಾಕಿಂಗ್ ಸ್ನೇಹಿತರು. ಅಮಾನಿಕೆರೆ ಏರಿ ಮೇಲೆ ವಿಷಯ ಹೇಳಿದೆ. ಸಂಜೆಗೇ ವರ್ನಿಯರ್ ಕ್ಯಾಲಿಪರ್ ಹಿಡಿದು ಮನೆಗೆ ಬಂದರು. ಅಚ್ಚಿನ ಒಳಗಿನ ಅಳತೆ ತೆಗೆದರು. ಮರದ ಬಳೆಯನ್ನು ಕತ್ತರಿಸಿ ಎಸೆದು, ಅಲ್ಯೂಮಿನಿಯಂ ಪಟ್ಟಿ ಬಗ್ಗಿಸಿ ಕೂರಿಸಿದರು. ತಳ್ಳಿದರೆ ಟಕ್ ಅಂತ ಕೂತಿತು. ಲಿವರ್ ಹಾಕಿದರೆ ಅಲುಗಾಡಲಿಲ್ಲ. ಲಿವರ್ ತೆಗೆದು ಎಳೆದರೆ ಸದ್ದಿಲ್ಲದೆ ಬಂತು. "ಪ್ಲಾಸ್ಟಿಕ್ ಅಚ್ಚು ಇಟ್ಟಿರೋದು ಸರಿ ಇದೆ" ಅಂದರು ಹಿರಿಯರು. "ಲೋಹಕ್ಕೆ ಲೋಹ ಉಜ್ಜಿದ್ರೆ ಗನ್ನೇ ಸವೆಯುತ್ತೆ. ಇಲ್ಲಿ ಸವೆಯೋದು ಅಚ್ಚು. ಬೇರೆ ಅಚ್ಚು ಸಿಗುತ್ತಾ ಕೇಳ್ಕೊಂಡು ತಗೋ." ಬಾಳಿಕೆಯ ಬಗ್ಗೆ ಅಳಿಯ ಓದಿದ್ದ ಎಲ್ಲವೂ ಈ ಮಾತಿನೊಳಗೆ ಬಂದುಬಿಟ್ಟಿತ್ತು.

ಯಾರಿಗೂ ನಿಜವಾದದ್ದು ಅನ್ನಿಸಬಾರದು ಎಂದು ಅದಕ್ಕೆ ಗೇಟಿಗೆ ಹೊಡೆದು ಉಳಿದಿದ್ದ ನೀಲಿ ಬಣ್ಣ ಬಳಿದೆವು. ಮಾವಿನೆಲೆ ಮುಚ್ಚಿಹೋಯಿತು. ಆಚಾರ್ರಿಗೆ ಈ ವಿಷಯ ಹೇಳಿಲ್ಲ.

ಅಭ್ಯಾಸ ತಾರಸಿಯ ಮೇಲೆ. ಬೀಪ್ ಕೊಡಲು ಮೊಬೈಲು, ರೇಂಜ್ ಆಫೀಸರ್ ಆಗಿ ನಾನು. ಗನ್ ಮರದ್ದಾದರೂ ಮನುಷ್ಯರ ಕಡೆ ತಿರುಗಿಸುವಂತಿಲ್ಲ, ನೀರಿನ ಟ್ಯಾಂಕಿನ ಕಡೆಗೇ ಹಿಡಿಯಬೇಕು. ನಾನು "ಆರ್ ಯೂ ರೆಡಿ", "ಸ್ಟ್ಯಾಂಡ್ ಬೈ" ಅನ್ನಬೇಕು. ಆಮೇಲೆ ಬೀಪ್. ಚೆನ್ನಾಗಿ ಆಡುವವರು ಸೊಂಟದಿಂದ ತೆಗೆದು ಮೊದಲ ಗುಂಡು ಹಾರಿಸಲು ಒಂದು ಸೆಕೆಂಡಿನ ಆಸುಪಾಸು ತೆಗೆದುಕೊಳ್ಳುತ್ತಾರಂತೆ. ಇವನು ಮೊದಲಿಗೆ ಎರಡು ದಾಟುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಕೈ ಎಷ್ಟು ಹದಗೊಂಡಿತ್ತು ಅಂದರೆ, ಕುಕ್ಕರ್ ಕೂಗಿದರೂ ಊಟದ ತಟ್ಟೆ ಬಿಟ್ಟು ಬಲಗೈ ಸೊಂಟಕ್ಕೆ ಹೋಗುತ್ತಿತ್ತು.

ಒಂದು ದಿನ ಲಿವರ್ ಹಾಕದೆ ಟ್ಯಾಂಕಿನ ಸುತ್ತ ಓಡಿದ. ತಿರುವಿನಲ್ಲಿ ನೀಲಿ ಪಿಸ್ತೂಲು ಹಾರಿ ಪಕ್ಕದ ಮನೆಯವರು ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ನಾನು ಕೂಗುವ ಮೊದಲೇ ಅವನು ಕೈ ಮೇಲೆತ್ತಿ ನಿಂತುಬಿಟ್ಟ. "ಮಾವ, ನಾನು ಮುಟ್ಟಂಗಿಲ್ಲ. ರೂಲ್ಸು. ಬಿದ್ದ ಗನ್ನನ್ನ ಆಫೀಸರೇ ಎತ್ತಬೇಕು."

ರೂಲ್ಸ್ ನಿಜವೇ. ಆಟದ ನಡುವೆ ಗನ್ ಬೀಳಿಸಿದರೆ ನೇರ ಮನೆಗೆ. ಆಟಕ್ಕೆ ಮೊದಲೋ ಆಮೇಲೋ ಖಾಲಿ ಗನ್ ಬಿದ್ದರೆ ತಪ್ಪಿಲ್ಲ, ಆದರೆ ತಾನೇ ಎತ್ತಿಕೊಂಡರೆ ಆಗಲೂ ಮನೆಗೆ. ಹಾಗಾಗಿ ರೇಂಜ್ ಆಫೀಸರ್ ಮೆಟ್ಟಿಲಿಳಿದು, ಪಕ್ಕದ ಮನೆ ಗಂಟೆ ಒತ್ತಿ, "ನಿಮ್ಮ ಸಂಡಿಗೆ ಮೇಲೆ ನಮ್ಮ ಪಿಸ್ತೂಲು ಬಿದ್ದಿದೆ" ಅಂತ ಹೇಳಬೇಕಾಯಿತು. ಬಾಗಿಲು ತೆಗೆದ ಅಜ್ಜಿ ನನ್ನನ್ನು ನೋಡಿದ ರೀತಿ ನನಗಿನ್ನೂ ನೆನಪಿದೆ. ಅವರ ಮನೆಯಿಂದ ಬರುತ್ತಿದ್ದ ಸಂಡಿಗೆ ಆ ವರ್ಷ ಬರಲಿಲ್ಲ.

ಬೆಲ್ಟಿನದು ಬೇರೆಯೇ ರಾಮಾಯಣ. ಹೋಲ್‌ಸ್ಟರಿಗೆ ಎಷ್ಟು ದುಡ್ಡು ಸುರಿದರೂ ಕೆಳಗಿನ ಬೆಲ್ಟು ಮೆತ್ತಗಿದ್ದರೆ ಅದು ಸೊಂಟದ ಮೇಲೆ ಅತ್ತಿತ್ತ ಓಡಾಡುತ್ತದೆ. ಅದಕ್ಕೆ ಇವರದು ಎರಡು ಬೆಲ್ಟಿನ ವ್ಯವಸ್ಥೆ. ಒಳಗಿನದು ಪ್ಯಾಂಟಿಗೆ. ಹೊರಗಿನದು ಬಿರುಸಾದದ್ದು, ಒಳಗಿನದರ ಮೇಲೆ ವೆಲ್ಕ್ರೋದಿಂದ ಸುತ್ತಲೂ ಅಂಟುತ್ತದೆ. ಅಂಟಿದ ಮೇಲೆ ನಿಜಕ್ಕೂ ಅಲುಗುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬಂದ ದಿನ ಮಾತ್ರ ಎರಡೂ ತುದಿ ಭೇಟಿಯಾಗಲಿಲ್ಲ, ಅದು ಬೆಲ್ಟಿನ ದೋಷ ಅಲ್ಲ.

ಇವನು ಆ ಹೊರಗಿನ ಬೆಲ್ಟನ್ನು ಬಿಚ್ಚಿ, ಮುಳ್ಳಿನ ಮುಖ ಕೆಳಗೆ ಮಾಡಿ ಮಂಚದ ಮೇಲೆ ಎಸೆದ. ಮಂಚದ ಮೇಲೆ ಅವನ ಅತ್ತೆಯ ಮೊಳಕಾಲ್ಮೂರು ಸೀರೆ ಇತ್ತು. ಬೆಲ್ಟು ಎತ್ತಿದಾಗ ಸೆರಗೂ ಎದ್ದು ಬಂತು. ಮೆಲ್ಲಗೆ ಬಿಡಿಸೋಣ ಅಂತ ನಾನು ಹೇಳುವಷ್ಟರಲ್ಲಿ ಇವನು ಅಭ್ಯಾಸಬಲದಿಂದ ಒಂದು ಸೆಕೆಂಡಿನೊಳಗೆ ಎಳೆದ. ಆಮೇಲೆ ಮನೆಯಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ಅವತ್ತಿನಿಂದ ಬೆಲ್ಟಿಗೆ ತಾರಸಿಯ ಮೇಲೆ ಪ್ರತ್ಯೇಕ ಮೊಳೆ.

ಕಡ ತಂದ ಹೋಲ್‌ಸ್ಟರಿನ ಸ್ಕ್ರೂಗಳು ಸಡಿಲವಾಗಿದ್ದವು. ಓಟದ ಅದುರಿಗೆ ಇವು ಸಡಿಲವಾಗುವುದು ಸಾಮಾನ್ಯ. ಸ್ಕ್ರೂ ಹಿಡಿದಿಡುವ ಅಂಟು ಬೇಕು. ನೀಲಿ ಹಾಕಿದರೆ ಆಮೇಲೆ ಕೈ ಉಪಕರಣದಲ್ಲೇ ಬಿಚ್ಚಬಹುದು. ಕೆಂಪು ಹಾಕಿದರೆ ಜೋರಾಗಿ ಕಾಯಿಸದೆ ಬಿಡುವುದಿಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ ನೀಲಿ ಇರಲಿಲ್ಲ. "ಕೆಂಪು ಇನ್ನೂ ಸ್ಟ್ರಾಂಗು" ಅಂದರಂತೆ, ಇವನು ತಂದು ಹಾಕೇಬಿಟ್ಟ. ಮರುದಿನ ಕೋನ ಬದಲಿಸಬೇಕು ಅನ್ನಿಸಿತು. ಆಗಲಿಲ್ಲ. ಕಾಯಿಸಿದರೆ ಪಕ್ಕದ ಪ್ಲಾಸ್ಟಿಕ್ ಕರಗುತ್ತದೆ. ವಾಚ್ ಫ್ಯಾಕ್ಟರಿ ಹಿರಿಯರು ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಯ ಮೇಲಷ್ಟೇ ಒತ್ತಿ ಹಿಡಿದು, ಒಂದೊಂದನ್ನೇ ಬಿಚ್ಚಿಕೊಟ್ಟರು. ಫೀಸು ಎರಡು ಲೋಟ ಕಾಫಿ ಮತ್ತು ಈಗಿನ ಹುಡುಗರ ಬಗ್ಗೆ ಅರ್ಧ ಗಂಟೆ ಮಾತು.

ಕೊನೆಯ ಪರೀಕ್ಷೆಗೆ ದೇವರಾಯನದುರ್ಗದ ಮೆಟ್ಟಿಲು ಹತ್ತಿ ಇಳಿಯೋಣ ಅಂದ. ಸೊಂಟಕ್ಕೆ ನೀಲಿ ಪಿಸ್ತೂಲು ಕಟ್ಟಿಕೊಂಡು ನರಸಿಂಹಸ್ವಾಮಿಯ ದರ್ಶನಕ್ಕೆ! ಸ್ವಾಮಿ ಏನಾದರೂ ಅಂದುಕೊಳ್ಳಲಿ, ಅಲ್ಲಿಯ ಕೋತಿಗಳು ಬಿಡುವುದಿಲ್ಲ. ಎಎಸ್‌ಐ ಸಾಹೇಬರು ಹೇಳಿದ ಹಿಂದಿನಿಂದ ಕೈ ಹಾಕುವವರು ಅವೇ. ಮನೆಯ ಮೆಟ್ಟಿಲಲ್ಲೇ ಓಡಿಸಿದೆ. ಲಿವರ್ ಹಾಕಿ, ಹಾಸಿಗೆಯ ಮೇಲೆ ಹೋಲ್‌ಸ್ಟರನ್ನು ತಲೆಕೆಳಗಾಗಿ ಹಿಡಿದು ಜಾಡಿಸಿದೆವು. ಬಿಡಲಿಲ್ಲ. ನನ್ನ ಪ್ರಕಾರ ಹೋಲ್‌ಸ್ಟರ್ ಕೊಳ್ಳುವವರು ಬೇರೆ ಏನನ್ನು ಮರೆತರೂ ಇದನ್ನು ಮಾಡಿ ನೋಡಬೇಕು. ಖಾಲಿ ಗನ್ನಿನಲ್ಲಿ, ಮೆತ್ತನೆಯ ಜಾಗದ ಮೇಲೆ.

ಆಯ್ಕೆಗೆ ಇದ್ದವು ನೆದರ್ಲೆಂಡ್ಸ್‌ನ ಡಬಲ್ ಆಲ್ಫಾ, ಇಟಲಿಯ ಘೋಸ್ಟ್, ದಕ್ಷಿಣ ಆಫ್ರಿಕಾ ಮೂಲದ ಸಿಆರ್ ಸ್ಪೀಡ್. ಇವನು ಆಡುವುದು ಸ್ಟ್ಯಾಂಡರ್ಡ್ ವಿಭಾಗ, ಅಲ್ಲಿ ರೇಸ್ ಹೋಲ್‌ಸ್ಟರಿಗೆ ಅಡ್ಡಿಯಿಲ್ಲ. ಪ್ರೊಡಕ್ಷನ್ ವಿಭಾಗ ಆಗಿದ್ದರೆ ಇಷ್ಟೆಲ್ಲ ರಂಪವೇ ಬೇಕಿರಲಿಲ್ಲ, ಸಾದಾ ಹೋಲ್‌ಸ್ಟರಿನಲ್ಲೇ ಆಡಬೇಕು. ಲೋಹದ ಮೈ, ಅವನ ಪಿಸ್ತೂಲಿಗೆ ಸರಿಯಾದ ಅಚ್ಚು, ಬೇಕಾದಾಗ ಬಿಡಿ ಅಚ್ಚು, ನೋಡದೆ ಹೆಬ್ಬೆರಳಿಗೆ ಸಿಗುವ ಲಿವರ್. ಇವಿಷ್ಟು ಮುಗಿಯಲು ಒಂದು ಬೆಳಗ್ಗೆ ಸಾಕಾಯಿತು. ಕಪ್ಪೋ, ಕೆಂಪೋ, ನೀಲಿಯೋ ಎಂದು ತೀರ್ಮಾನವಾಗಲು ರಜೆ ಪೂರ್ತಿ ಹಿಡಿಯಿತು. ಬೆಲೆ ರೂಪಾಯಿಗೆ ತಿರುಗಿಸಿದರೆ ಹತ್ತು ಸಾವಿರ ದಾಟುತ್ತಿತ್ತು. ಅಕ್ಕನಿಗೆ ಡಾಲರಿನಲ್ಲೇ ಹೇಳಿದೆವು.

ಮರದ ಪಿಸ್ತೂಲು ಮಾತ್ರ ಇಲ್ಲೇ ಉಳಿಯಿತು. ಆಸ್ಟ್ರೇಲಿಯಾದಲ್ಲಿ ಆಟಿಕೆಯಲ್ಲದ ನಕಲಿ ಗನ್ನಿಗೂ ಕಾನೂನಿದೆ. ಹೊರಗಿನಿಂದ ಬರುವ ಮರದ ಸಾಮಾನನ್ನು ಅಲ್ಲಿ ವಿಮಾನ ನಿಲ್ದಾಣದಲ್ಲೇ ಹೇಳಿಕೊಂಡು ತೋರಿಸಬೇಕು, ಹುಳು ಇದೆಯಾ ಅಂತ ನೋಡುತ್ತಾರೆ. ಒಂದೇ ತುಂಡು ತೇಗಕ್ಕೆ ಎರಡು ಇಲಾಖೆಗೆ ಉತ್ತರ ಕೊಡುವ ಧೈರ್ಯ ಅವನಿಗಿರಲಿಲ್ಲ.

ಹೊಸ ಹೋಲ್‌ಸ್ಟರ್ ಕಟ್ಟಿಕೊಂಡು ಆಡಿದ ಮೊದಲ ಪಂದ್ಯದ ವಿಡಿಯೋ ಕಳಿಸಿದ್ದ. "ಸ್ಟ್ಯಾಂಡ್ ಬೈ" ಕೇಳಿಸಿತು. ಬೀಪ್ ಆಯಿತು. ಕೈ ಮಿಂಚಿ ಸೊಂಟಕ್ಕೆ ಹೋಯಿತು. ಪಿಸ್ತೂಲು ಬರಲಿಲ್ಲ. ಲಿವರ್ ತೆಗೆದಿರಲಿಲ್ಲ. ಮತ್ತೆ ಎಳೆದ. ಬೆಲ್ಟು, ಪ್ಯಾಂಟು, ಅಳಿಯ, ಮೂವರೂ ಒಟ್ಟಿಗೆ ಮೇಲೆದ್ದರು. ಗನ್ ಮಾತ್ರ ಇದ್ದಲ್ಲೇ ಇತ್ತು.

ಎದುರು ಮನೆ ಎಎಸ್‌ಐ ಸಾಹೇಬರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

"ಈಗ ಬೇಕಾದ್ರೆ ಜಾತ್ರೆಗೆ ಹಾಕ್ಕೊಂಡು ಹೋಗ್ಲಿ ಬಿಡಿ" ಅಂದರು.